ಎಲ್‌ಪಿ ತಟ್ಟೆಯಿಂದ ಮನೆಯ ಕಂಪ್ಯೂಟರಿನವರೆಗೆ: ಪ್ರೊಗ್ರೆಸಿವ್ ರಾಕ್‌ನ ತಲೆಮಾರುಗಳು

ಪ್ರೊಗ್ರೆಸಿವ್ ರಾಕ್ ಎಂಬ ಹೆಸರಿನಿಂದ ಇಂದು ಗುರುತಿಸಲಾಗುವ ಸಂಗೀತ ಪ್ರಕಾರವು ಇಂಗ್ಲೆಂಡಿನಲ್ಲಿ 1967ರಿಂದ 1969ರವರೆಗಿನ ಅಲ್ಪ ಅವಧಿಯಲ್ಲಿ ರೂಪುಗೊಂಡು, 1970ರ ದಶಕದ ಮೊದಲ ಐದು ವರ್ಷಗಳಲ್ಲಿ ಉತ್ಕರ್ಷಕ್ಕೇರಿತು. ಆ ದಶಕ ಮುಗಿಯುವುದಕ್ಕೆ ಮುನ್ನವೇ ಅನೇಕ ವಿಮರ್ಶಕರು ಅದರ ಕಾಲ ತೀರಿತೆಂದು ಬರೆದರು. ರಾಕ್ ಸಂಗೀತದ ವಿದ್ಯುತ್ ಗಿಟಾರನ್ನೂ ಡ್ರಮ್ಸನ್ನೂ ಬಿಟ್ಟುಕೊಡದೆ, ಯುರೋಪಿನ ಶಾಸ್ತ್ರೀಯ ಸಂಗೀತದಿಂದ ದೀರ್ಘವಾದ ರಚನಾಕ್ರಮವನ್ನೂ, ಜಾಜ್‌ನಿಂದ ಮನೋಧರ್ಮದ ಸ್ವಾತಂತ್ರ್ಯವನ್ನೂ, ಇಂಗ್ಲಿಷ್ ಜಾನಪದ ಹಾಡುಗಳಿಂದ ಧಾಟಿಗಳನ್ನೂ ತೆಗೆದುಕೊಂಡು, ಪಲ್ಲವಿ ಚರಣಗಳ ಮೂರು ನಿಮಿಷದ ಹಾಡಿನಿಂದ ಹೊರಬಂದ ಸಂಗೀತವೆಂದು ಇದನ್ನು ಸ್ಥೂಲವಾಗಿ ವಿವರಿಸಬಹುದು. ತೀರಿತೆಂದು ಹೇಳಲಾದ ಈ ಪ್ರಕಾರವನ್ನು ಐದು ದಶಕಗಳ ಮೇಲೂ ಸ್ವೀಡನ್, ನಾರ್ವೆ, ಆಸ್ಟ್ರೇಲಿಯಾ, ಅಮೆರಿಕ ಮತ್ತು ಭಾರತದ ತಂಡಗಳು ನುಡಿಸುತ್ತಿವೆ. ಹೊಸ ತಂಡಗಳಿಗೂ ಹಳೆಯವಕ್ಕೂ ಇರುವ ಅಂತರವನ್ನು ಸಾಮಾನ್ಯವಾಗಿ ನಾದದ ಅಂತರವೆಂದೇ ವಿವರಿಸಲಾಗುತ್ತದೆ: ಹೊಸಬರ ಗಿಟಾರು ಹೆಚ್ಚು ಗಡಸು, ಲಯ ಹೆಚ್ಚು ಜಟಿಲ, ನುಡಿಸುವ ವೇಗ ಹೆಚ್ಚು ಎಂಬುದು ಆ ವಿವರಣೆಯ ಸಾರ. ಇದು ಸುಳ್ಳಲ್ಲವಾದರೂ ಮೇಲುಪದರದ ಮಾತು. ಪ್ರತಿಯೊಂದು ತಲೆಮಾರು ಯಾವ ಸಾಧನದಲ್ಲಿ ತನ್ನ ಸಂಗೀತವನ್ನು ಮುದ್ರಿಸಿತು, ಅದಕ್ಕೆ ಹಣ ಯಾರಿಂದ ಬಂತು, ತನಗಿಂತ ಮುಂಚೆ ಬಂದ ಸಂಗೀತದೊಂದಿಗೆ ಅದು ಎಂಥ ಸಂಬಂಧ ಇಟ್ಟುಕೊಂಡಿತು ಎಂಬ ಮೂರು ಸಂಗತಿಗಳನ್ನು ಪರಿಶೀಲಿಸಿದರೆ ಅಂತರದ ಬೇರು ಕಾಣುತ್ತದೆ.

ಈ ಇತಿಹಾಸ ಆರಂಭವಾಗಬೇಕಾದದ್ದು ಗ್ರಾಮಫೋನ್ ತಟ್ಟೆಯಿಂದ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಾಲ್ಕು ನಿಮಿಷಗಳ ಸಂಗೀತಕ್ಕಷ್ಟೇ ಸ್ಥಳವಿತ್ತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರು ಆಲಾಪನೆಯನ್ನೂ ಕೃತಿಯನ್ನೂ ಮೊಟಕುಗೊಳಿಸಿ ಹಾಡಬೇಕಾಗಿ ಬಂದದ್ದಕ್ಕೂ ಇದೇ ಮಿತಿ ಕಾರಣ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ಲಾಂಗ್ ಪ್ಲೇ, ಅಂದರೆ ಎಲ್‌ಪಿ ಎಂಬ ತಟ್ಟೆಯನ್ನು ಮಾರುಕಟ್ಟೆಗೆ ತಂದಾಗ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಗಳಿಗೂ ಮೀರಿದ ಅವಕಾಶ ದೊರೆಯಿತು. ಆದರೆ ಜನಪ್ರಿಯ ಸಂಗೀತವು ಮುಂದಿನ ಹದಿನೈದು ವರ್ಷಗಳವರೆಗೂ ಬಹುಮಟ್ಟಿಗೆ ಒಂದೊಂದು ಹಾಡಿನ ಚಿಕ್ಕ ತಟ್ಟೆಯನ್ನೇ ನೆಚ್ಚಿಕೊಂಡಿತ್ತು, ಎಲ್‌ಪಿಯು ಅಂಥ ಹಾಡುಗಳನ್ನು ಒಟ್ಟಿಗೆ ಕಟ್ಟಿಕೊಡುವ ಸಂಚಿಯಾಗಿ ಮಾತ್ರ ಬಳಕೆಯಲ್ಲಿತ್ತು. ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' 1967ರಲ್ಲಿ ಹೊರಬಂದ ಮೇಲೆ, ಇಡೀ ತಟ್ಟೆಯನ್ನು ಒಂದೇ ಕೃತಿಯಾಗಿ ಕಲ್ಪಿಸಿಕೊಳ್ಳಬಹುದೆಂಬ ಭಾವನೆ ಸಂಗೀತಗಾರರಲ್ಲಿ ಬಲವಾಯಿತು. ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ಮೂಡಿ ಬ್ಲೂಸ್ ತಂಡವು ಒಂದು ದಿನದ ಬೆಳಗಿನಿಂದ ರಾತ್ರಿಯವರೆಗಿನ ಹೊತ್ತುಗಳನ್ನು ಅನುಸರಿಸುವ 'ಡೇಸ್ ಆಫ್ ಫ್ಯೂಚರ್ ಪಾಸ್ಡ್' ಆಲ್ಬಮನ್ನು ವಾದ್ಯವೃಂದದೊಂದಿಗೆ ಹೊರತಂದಿತು. ಒಂದು ಕಥೆ ಅಥವಾ ಒಂದು ವಿಚಾರದ ಸುತ್ತ ಹೆಣೆದ ಇಂಥ ಮುದ್ರಿಕೆಗೆ ಕಾನ್ಸೆಪ್ಟ್ ಆಲ್ಬಂ ಎಂಬ ಹೆಸರು ಬಂತು.

1969ರ ಜುಲೈ 5ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಕಛೇರಿಗೆ ನೆರೆದಿದ್ದ ಭಾರಿ ಜನಸಮೂಹದ ಮುಂದೆ ಕಿಂಗ್ ಕ್ರಿಮ್ಸನ್ ಎಂಬ, ಇನ್ನೂ ಒಂದೂ ಆಲ್ಬಂ ಹೊರತಂದಿರದ ತಂಡ ನುಡಿಸಿತು. ಆ ವರ್ಷದ ಅಕ್ಟೋಬರಿನಲ್ಲಿ ಅದರ ಮೊದಲ ಆಲ್ಬಂ 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್' ಪ್ರಕಟವಾಯಿತು. ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಮತ್ತು ಸಂಗಡಿಗರ ಈ ಕೃತಿಯ ಮೊದಲ ಹಾಡಿನ ನಡುಭಾಗದಲ್ಲಿ ಗಿಟಾರು, ಸ್ಯಾಕ್ಸೊಫೋನು, ಡ್ರಮ್ಸುಗಳು ಒಂದೇ ಉಸಿರಿನಲ್ಲಿ ಓಡುತ್ತ ಒಮ್ಮೆಲೇ ನಿಲ್ಲುವ ಪ್ರಸಂಗಗಳಿಗೆ ಅದಕ್ಕೂ ಮೊದಲಿನ ರಾಕ್ ಸಂಗೀತದಲ್ಲಿ ಪೂರ್ವೋದಾಹರಣೆ ಕಾಣುವುದು ಕಷ್ಟ. ಅದರ ಬೆನ್ನಿಗೇ ಯೆಸ್, ಜೆನೆಸಿಸ್, ಎಮರ್ಸನ್ ಲೇಕ್ ಅಂಡ್ ಪಾಮರ್, ಜೆತ್ರೊ ಟಲ್, ವ್ಯಾನ್ ಡರ್ ಗ್ರಾಫ್ ಜನರೇಟರ್, ಜೆಂಟಲ್ ಜೈಂಟ್ ಮೊದಲಾದ ತಂಡಗಳು ಈ ಹೊಸ ಹಾದಿಯಲ್ಲಿ ತಂತಮ್ಮ ದಿಕ್ಕು ಕಂಡುಕೊಂಡವು. ಪಿಂಕ್ ಫ್ಲಾಯ್ಡ್ ತನ್ನದೇ ನಿಧಾನಗತಿಯಲ್ಲಿ ಅದೇ ಕಡೆಗೆ ಬಂದು ಸೇರಿತು.

ಇವರ ಹಿನ್ನೆಲೆ ಒಂದೇ ತೆರನಾಗಿರಲಿಲ್ಲ. ಜೆನೆಸಿಸ್‌ನ ಸ್ಥಾಪಕರು ಚಾರ್ಟರ್‌ಹೌಸ್ ಎಂಬ ಪ್ರತಿಷ್ಠಿತ ವಸತಿಶಾಲೆಯ ವಿದ್ಯಾರ್ಥಿಗಳು, ಜೆಂಟಲ್ ಜೈಂಟಿನ ಕೆರಿ ಮಿನಿಯರ್ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಸಂಗೀತ ರಚನೆಯನ್ನು ಅಭ್ಯಾಸ ಮಾಡಿದವರು, ಯೆಸ್ ತಂಡದ ರಿಕ್ ವೇಕ್‌ಮನ್ ರಾಯಲ್ ಕಾಲೇಜಿನ ಶಿಕ್ಷಣವನ್ನು ಅರ್ಧಕ್ಕೆ ಬಿಟ್ಟು ಸ್ಟುಡಿಯೊ ವಾದಕರಾದವರು. ಅದೇ ತಂಡದ ಗಾಯಕ ಜಾನ್ ಆಂಡರ್ಸನ್ ಮಾತ್ರ ಲ್ಯಾಂಕಷೈರಿನ ಆಕ್ರಿಂಗ್ಟನ್ ಎಂಬ ಗಿರಣಿ ಪಟ್ಟಣದಿಂದ ಯಾವ ಸಂಗೀತ ಶಾಲೆಯ ಮೆಟ್ಟಿಲನ್ನೂ ಹತ್ತದೆ ಬಂದವರು. ಅಮೆರಿಕದ ಸಂಗೀತಶಾಸ್ತ್ರಜ್ಞ ಎಡ್ವರ್ಡ್ ಮೇಕನ್ 1997ರಲ್ಲಿ ಪ್ರಕಟಿಸಿದ 'ರಾಕಿಂಗ್ ದ ಕ್ಲಾಸಿಕ್ಸ್' ಎಂಬ ಅಧ್ಯಯನದಲ್ಲಿ, ಇಂಗ್ಲೆಂಡಿನ ಆಂಗ್ಲಿಕನ್ ಚರ್ಚುಗಳ ವೃಂದಗಾನ ಮತ್ತು ಆರ್ಗನ್ ವಾದನ ಈ ಪೀಳಿಗೆಯ ಕಿವಿಯನ್ನು ತಿದ್ದಿದ್ದನ್ನು ವಿಶದವಾಗಿ ತೋರಿಸಿದ್ದಾರೆ. ಆದುದರಿಂದ ಮೊದಲ ತಲೆಮಾರಿನವರ ಸಂಗೀತಕ್ಕೆ ಮೂಲದ್ರವ್ಯ ಒದಗಿದ್ದು ಬಹುಮಟ್ಟಿಗೆ ರಾಕ್‌ನ ಹೊರಗಿನಿಂದ: ಚರ್ಚಿನಿಂದ, ಜಾಜ್ ಕ್ಲಬ್ಬುಗಳಿಂದ, ಮುಸೋರ್ಗ್‌ಸ್ಕಿ ಮತ್ತು ಬಾರ್ಟೋಕ್‌ರಂಥ ರಚನಕಾರರಿಂದ. ಅನುಸರಿಸುವುದಕ್ಕೆ ಅವರ ಮುಂದೆ ಪ್ರೊಗ್ರೆಸಿವ್ ರಾಕ್ ಎಂಬ ಮಾದರಿಯೇ ಇರಲಿಲ್ಲ. ಮುಂದಿನ ಎಲ್ಲ ತಲೆಮಾರುಗಳಿಂದ ಅವರನ್ನು ಬೇರ್ಪಡಿಸುವ ಮುಖ್ಯ ಸಂಗತಿ ಇದೇ.

ಹೊರಗಿನಿಂದ ತಂದುಕೊಳ್ಳುವ ಈ ಪ್ರವೃತ್ತಿ ಭಾರತದವರೆಗೂ ಚಾಚಿತ್ತು. 1973ರ ವಸಂತದಲ್ಲಿ ಯೆಸ್ ತಂಡ ಜಪಾನ್ ಪ್ರವಾಸದಲ್ಲಿದ್ದಾಗ ಜಾನ್ ಆಂಡರ್ಸನ್ ಪರಮಹಂಸ ಯೋಗಾನಂದರ 'ಆಟೊಬಯಾಗ್ರಫಿ ಆಫ್ ಎ ಯೋಗಿ'ಯನ್ನು ಓದುತ್ತಿದ್ದರು. ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ಶಾಸ್ತ್ರಗಳ ನಾಲ್ಕು ವಿಭಾಗಗಳನ್ನು ವಿವರಿಸುವ ಅದರ ಒಂದು ಅಡಿಟಿಪ್ಪಣಿಯೇ ಆ ವರ್ಷದ ಕೊನೆಗೆ ಬಂದ 'ಟೇಲ್ಸ್ ಫ್ರಂ ಟೊಪೊಗ್ರಾಫಿಕ್ ಓಷನ್ಸ್' ಎಂಬ ಜೋಡಿ ತಟ್ಟೆಯ ಆಲ್ಬಮಿಗೆ ಬೀಜವಾಯಿತು: ನಾಲ್ಕು ಮಗ್ಗುಲು, ಮಗ್ಗುಲಿಗೊಂದರಂತೆ ನಾಲ್ಕು ದೀರ್ಘ ರಚನೆಗಳು. ಶಾಸ್ತ್ರಗಳನ್ನು ಅಡಿಟಿಪ್ಪಣಿಯಷ್ಟೇ ಬಲ್ಲವರು ಅವುಗಳ ಮೇಲೆ ಎಂಬತ್ತು ನಿಮಿಷಗಳ ಸಂಗೀತವನ್ನು ಕಟ್ಟಿದ್ದು ಭಾರತೀಯ ಓದುಗರಿಗೆ ದುಡುಕೆನಿಸಬಹುದು. ವಿಮರ್ಶಕರು ಅಂದು ಅದನ್ನು ಅತಿರೇಕವೆಂದು ಖಂಡಿಸಿದರು, ಕೃತಿಯ ಬಗ್ಗೆ ಅತೃಪ್ತರಾಗಿದ್ದ ವೇಕ್‌ಮನ್ 1974ರಲ್ಲಿ ತಂಡವನ್ನೇ ಬಿಟ್ಟರು. ಅಷ್ಟಾದರೂ ಆ ಆಲ್ಬಂ ಬ್ರಿಟನ್ನಿನ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೇರಿತೆಂಬುದನ್ನು ಗಮನಿಸಬೇಕು. ಅಂಥ ಸಾಹಸಕ್ಕೆ ಅವಕಾಶ ಕೊಡುವ ಧ್ವನಿಮುದ್ರಣ ಕಂಪನಿಯೂ, ಅದನ್ನು ಕೊಂಡು ಕೇಳುವ ಲಕ್ಷಾಂತರ ಯುವಜನರೂ ಅಂದು ಇದ್ದರು.

ಆ ಅವಕಾಶದ ಹಿಂದೆ ನಿರ್ದಿಷ್ಟವಾದ ಆರ್ಥಿಕ ವ್ಯವಸ್ಥೆಯೊಂದಿತ್ತು. 1969ರಲ್ಲಿ ಇಎಂಐ ಕಂಪನಿಯು ಹಾರ್ವೆಸ್ಟ್ ಎಂಬ, ಫಿಲಿಪ್ಸ್ ಸಮೂಹವು ವರ್ಟಿಗೊ ಎಂಬ ವಿಶೇಷ ಶಾಖೆಗಳನ್ನು ಇಂಥ ಸಂಗೀತಕ್ಕೆಂದೇ ತೆರೆದವು. ಟೋನಿ ಸ್ಟ್ರಾಟನ್ ಸ್ಮಿತ್ ಅದೇ ವರ್ಷ ಸ್ವತಂತ್ರವಾಗಿ ಕರಿಸ್ಮಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಜೆನೆಸಿಸ್‌ನ ಆರಂಭದ ಆಲ್ಬಮುಗಳು ಬ್ರಿಟನ್ನಿನಲ್ಲಿ ಹೇಳಿಕೊಳ್ಳುವಷ್ಟು ಮಾರಾಟವಾಗದೆ, ಬೆಲ್ಜಿಯಂ ಮತ್ತು ಇಟಲಿಯಲ್ಲಿ ಮಾತ್ರ ಕೇಳುಗರನ್ನು ಪಡೆದಿದ್ದಾಗಲೂ ಕರಿಸ್ಮಾ ಅವರ ಕೈಬಿಡಲಿಲ್ಲ. ಆ ತಾಳ್ಮೆಯ ಫಲವಾಗಿಯೇ 1972ರ 'ಫಾಕ್ಸ್‌ಟ್ರಾಟ್' ಆಲ್ಬಮಿನ, ಇಪ್ಪತ್ತಮೂರು ನಿಮಿಷಗಳ 'ಸಪರ್ಸ್ ರೆಡಿ' ಎಂಬ ರಚನೆ ಹುಟ್ಟಿತು. ಎಲ್‌ಪಿ ತಟ್ಟೆಯ ಒಂದು ಮಗ್ಗುಲೇ ಈ ಪೀಳಿಗೆಯ ಮಹಾಕೃತಿಯ ಅಳತೆಗೋಲಾಯಿತು: ಯೆಸ್‌ನ 'ಕ್ಲೋಸ್ ಟು ದ ಎಡ್ಜ್', ಪಿಂಕ್ ಫ್ಲಾಯ್ಡ್‌ನ 'ಎಕೋಸ್', ಎಮರ್ಸನ್ ಲೇಕ್ ಅಂಡ್ ಪಾಮರ್‌ನ 'ಟಾರ್ಕಸ್' ಎಲ್ಲವೂ ಹದಿನೆಂಟರಿಂದ ಇಪ್ಪತ್ತನಾಲ್ಕು ನಿಮಿಷಗಳ ಒಳಗೆ ಮುಗಿಯುತ್ತವೆ. ಇದಕ್ಕೆ ಕಾರಣ ಕಾವ್ಯಮೀಮಾಂಸೆಯಲ್ಲಿ ಸಿಗುವುದಿಲ್ಲ, ತಟ್ಟೆಯ ಗೀರುಗಳ ಸಾಂದ್ರತೆಯಲ್ಲಿ ಸಿಗುತ್ತದೆ. ಜೆತ್ರೊ ಟಲ್ 1972ರಲ್ಲಿ 'ಥಿಕ್ ಆ್ಯಸ್ ಎ ಬ್ರಿಕ್' ಎಂಬ ಒಂದೇ ರಚನೆಯನ್ನು ಎರಡೂ ಮಗ್ಗುಲಿಗೆ ಹರಡಿದಾಗಲೂ, ತಟ್ಟೆಯನ್ನು ಮಗುಚುವ ಕ್ಷಣಕ್ಕೆ ಸಂಗೀತದಲ್ಲಿ ಒಂದು ನಿಲುಗಡೆಯನ್ನು ಕಲ್ಪಿಸಲೇಬೇಕಾಯಿತು.

ವಾದ್ಯಗಳ ಮಾತು ಬಂದಾಗ ಮೆಲೊಟ್ರಾನನ್ನು ಕುರಿತು ತುಸು ವಿವರವಾಗಿ ಹೇಳುವುದು ಅಗತ್ಯ. 1963ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗತೊಡಗಿದ ಈ ಕೀಬೋರ್ಡ್ ವಾದ್ಯದ ಪ್ರತಿಯೊಂದು ಮನೆಯ ಕೆಳಗೂ ಕಾಂತೀಯ ಟೇಪಿನ ಒಂದು ತುಂಡು ಇರುತ್ತದೆ. ಅದರಲ್ಲಿ ಪಿಟೀಲು, ಕೊಳಲು ಅಥವಾ ವೃಂದಗಾನದ ಒಂದೊಂದು ಸ್ವರವನ್ನು ಮೊದಲೇ ಮುದ್ರಿಸಲಾಗಿರುತ್ತದೆ. ಮನೆಯನ್ನು ಒತ್ತಿದಾಗ ಟೇಪು ಚಲಿಸಿ ಸ್ವರ ಕೇಳುತ್ತದೆ, ಸುಮಾರು ಎಂಟು ಸೆಕೆಂಡುಗಳಲ್ಲಿ ಟೇಪು ಮುಗಿದು ಸ್ವರ ನಿಲ್ಲುತ್ತದೆ, ಬೆರಳೆತ್ತಿದೊಡನೆ ಟೇಪು ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ವಿದ್ಯುತ್ತಿನ ಒತ್ತಡವೂ ಹವೆಯೂ ಏರಿಳಿದಂತೆ ಶ್ರುತಿಯೂ ಅಲುಗುತ್ತಿತ್ತು. ಕಿಂಗ್ ಕ್ರಿಮ್ಸನ್ ಮತ್ತು ಜೆನೆಸಿಸ್‌ನ ಆಲ್ಬಮುಗಳಲ್ಲಿ ಕೇಳುವ, ದೂರದಿಂದ ಬಂದಂಥ, ಸ್ವಲ್ಪ ನಡುಗುವ ತಂತಿವಾದ್ಯಗಳ ಧ್ವನಿ ಈ ಯಂತ್ರದ ನ್ಯೂನತೆಯಿಂದಲೇ ಹುಟ್ಟಿದ್ದು. ದೀರ್ಘವಾಗಿ ಎಳೆಯಲಾಗದ ಸ್ವರಕ್ಕೆ ಹೊಂದುವಂತೆ ವಾದಕರು ಸ್ವರಮೇಳಗಳನ್ನು ಮೇಲಿಂದ ಮೇಲೆ ಬದಲಿಸುವುದನ್ನು ಕಲಿತರು. 1970ರಲ್ಲಿ ಬಂದ ಮಿನಿಮೂಗ್ ಎಂಬ ಸಿಂಥಸೈಜರಿನ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಅಂದು ಇವೆರಡೂ ಹೊಸ ಯಂತ್ರಗಳು, ಅವುಗಳ ನಾದ ಕೇಳುಗರಿಗೆ ಭವಿಷ್ಯದ ನಾದವಾಗಿತ್ತು.

ಈ ಸಂಗೀತ 1976ರಿಂದ 1978ರ ನಡುವೆ ಹಿನ್ನಡೆ ಕಂಡದ್ದಕ್ಕೆ ಪಂಕ್ ರಾಕ್‌ನ ಆಗಮನವೇ ಕಾರಣವೆಂಬುದು ಪ್ರಚಲಿತ ಕಥೆ. ಮೂರು ಸ್ವರಮೇಳಗಳನ್ನು ಕಲಿತವರೂ ವೇದಿಕೆ ಏರಬಹುದೆಂದು ಸಾರಿದ ಪಂಕ್ ತಂಡಗಳು ಪ್ರೊಗ್ರೆಸಿವ್ ಸಂಗೀತವನ್ನು ಶ್ರೀಮಂತರ ಆಡಂಬರವೆಂದು ಜರೆದದ್ದು ನಿಜ. ಆದರೆ ಸೆಕ್ಸ್ ಪಿಸ್ಟಲ್ಸ್‌ನ ಗಾಯಕ ಜಾನಿ ರಾಟನ್ 1977ರ ಜುಲೈನಲ್ಲಿ ಲಂಡನ್ನಿನ ಕ್ಯಾಪಿಟಲ್ ರೇಡಿಯೊದಲ್ಲಿ ತಮ್ಮ ಮೆಚ್ಚಿನ ಹಾಡುಗಳನ್ನು ಆಯ್ದು ಕೇಳಿಸಿದಾಗ, ಅವುಗಳಲ್ಲಿ ವ್ಯಾನ್ ಡರ್ ಗ್ರಾಫ್ ಜನರೇಟರ್‌ನ ಪೀಟರ್ ಹ್ಯಾಮಿಲ್‌ರ ಹಾಡುಗಳೂ ಇದ್ದವು. ಪಂಕ್ ಬರುವುದಕ್ಕೆ ಎರಡು ವರ್ಷ ಮೊದಲೇ, 1974ರ ಸೆಪ್ಟೆಂಬರಿನಲ್ಲಿ, ಫ್ರಿಪ್ ಕಿಂಗ್ ಕ್ರಿಮ್ಸನನ್ನು ವಿಸರ್ಜಿಸಿದ್ದರು. 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಜೆನೆಸಿಸ್‌ನಿಂದ ಹೊರನಡೆದಿದ್ದರು. 1977ರಲ್ಲಿ ಎಮರ್ಸನ್ ಲೇಕ್ ಅಂಡ್ ಪಾಮರ್ ದೊಡ್ಡ ವಾದ್ಯವೃಂದವೊಂದನ್ನು ಜೊತೆಗೆ ಕರೆದುಕೊಂಡು ಉತ್ತರ ಅಮೆರಿಕದ ಪ್ರವಾಸ ಹೊರಟು, ಖರ್ಚು ತಾಳಲಾರದೆ ವೃಂದವನ್ನು ನಡುದಾರಿಯಲ್ಲೇ ಬಿಡಬೇಕಾಯಿತು. ವೆಚ್ಚ ಬೆಳೆದು, ಪ್ರಯೋಗಶೀಲತೆ ಬತ್ತಿ, ಸಂಗೀತ ಒಳಗಿನಿಂದಲೇ ದಣಿದಿತ್ತು ಎನ್ನುವುದೇ ಸತ್ಯಕ್ಕೆ ಹೆಚ್ಚು ಹತ್ತಿರ.

ಎಂಬತ್ತರ ದಶಕದಲ್ಲಿ ಎರಡು ಬಗೆಯ ಉತ್ತರಗಳು ಬಂದವು. ಏಲ್ಸ್‌ಬರಿ ಎಂಬ ಊರಿನ ಮರಿಲಿಯನ್, ಮತ್ತು ಅದರ ಸಮಕಾಲೀನರಾದ ಐಕ್ಯೂ, ಪೆಂಡ್ರಾಗನ್ ಮೊದಲಾದ ತಂಡಗಳು ಜೆನೆಸಿಸ್‌ನ ನಾದವನ್ನೂ ಗಾಯಕನ ಮುಖವರ್ಣಿಕೆಯನ್ನೂ ಮರಳಿ ತಂದವು. ಇವರಿಗೆ ನಿಯೊ ಪ್ರೊಗ್ರೆಸಿವ್ ಎಂದು ಹೆಸರಾಯಿತು. ಮರಿಲಿಯನ್‌ನ 'ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್' 1985ರಲ್ಲಿ ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಈ ಪ್ರಕಾರವನ್ನು ಅಭಿಮಾನಿಗಳಾಗಿ ಕೇಳಿ ಬೆಳೆದು ಆಮೇಲೆ ನುಡಿಸತೊಡಗಿದ ಮೊದಲ ಪೀಳಿಗೆ ಇವರದು. ಮಾದರಿ ಎಂಬುದು ಇವರಿಗೆ ಸಿದ್ಧವಾಗಿ ದೊರೆತಿತ್ತು. ಇನ್ನೊಂದು ಉತ್ತರವನ್ನು ಕೊಟ್ಟವರು ಹಳಬರೇ. 1981ರಲ್ಲಿ ಫ್ರಿಪ್ ಹೊಸ ಸಂಗಡಿಗರೊಂದಿಗೆ ಕಿಂಗ್ ಕ್ರಿಮ್ಸನನ್ನು ಮತ್ತೆ ಕಟ್ಟಿ 'ಡಿಸಿಪ್ಲಿನ್' ಆಲ್ಬಮನ್ನು ತಂದಾಗ ಅದರಲ್ಲಿ ಮೆಲೊಟ್ರಾನ್ ಇರಲಿಲ್ಲ, ಪುರಾಣಕಥೆಗಳೂ ಇರಲಿಲ್ಲ. ಎರಡು ಗಿಟಾರುಗಳು ಬೇರೆ ಬೇರೆ ಉದ್ದದ ಚಿಕ್ಕ ಸ್ವರಗುಚ್ಛಗಳನ್ನು ಒಂದರೊಳಗೊಂದು ಹೆಣೆಯುವ ಕ್ರಮವಿತ್ತು, ಅದರ ಹಿಂದೆ ಇಂಡೊನೇಷ್ಯಾದ ಗ್ಯಾಮೆಲಾನ್ ವಾದ್ಯವೃಂದದ ಪ್ರೇರಣೆಯಿತ್ತು. ಮರಿಲಿಯನ್‌ನ ಆರಂಭದ ಕೃತಿಗಳಿಗೆ ಅವುಗಳದೇ ಚೆಲುವಿದ್ದರೂ, ಇಂದಿನ ತಂಡಗಳು ಹೆಚ್ಚು ಋಣಿಯಾಗಿರುವುದು ಆ ಹೊಸ ಕಿಂಗ್ ಕ್ರಿಮ್ಸನ್‌ಗೆ.

ಆಧುನಿಕ ಹಂತಕ್ಕೆ ದಾಟಿಸಿದ ಸೇತುವೆ ಕೆನಡಾದ ರಷ್ ತಂಡ. ಚಿಕ್ಕ ಹಾಡುಗಳನ್ನು ಮಾಡಬೇಕೆಂದು ಕಂಪನಿ ಒತ್ತಾಯಿಸುತ್ತಿದ್ದ ಸಮಯದಲ್ಲಿ, 1976ರಲ್ಲಿ, ಈ ಮೂವರು ಇಪ್ಪತ್ತು ನಿಮಿಷಗಳ ವೈಜ್ಞಾನಿಕ ಕಥಾನಕವನ್ನು '2112' ಆಲ್ಬಮಿನ ಮೊದಲ ಮಗ್ಗುಲಾಗಿಸಿ ಗೆದ್ದರು. ಹಾರ್ಡ್ ರಾಕ್‌ನ ಗಡಸು ಗಿಟಾರಿಗೂ ದೀರ್ಘ ರಚನೆಗೂ ಅವರು ಹಾಕಿದ ನಂಟು ಮುಂದೆ ಪ್ರೊಗ್ರೆಸಿವ್ ಮೆಟಲ್ ಎಂಬ ಕವಲಾಯಿತು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ವಿದ್ಯಾರ್ಥಿಗಳು 1985ರಲ್ಲಿ ಕಟ್ಟಿದ ತಂಡವು ಡ್ರೀಮ್ ಥಿಯೇಟರ್ ಎಂಬ ಹೆಸರಿನಲ್ಲಿ 1992ರಲ್ಲಿ 'ಇಮೇಜಸ್ ಅಂಡ್ ವರ್ಡ್ಸ್' ಆಲ್ಬಮನ್ನು ಹೊರತಂದಾಗ ಈ ಕವಲು ಸ್ಥಿರವಾಯಿತು. ಹಳಬರು ಸಂಗೀತ ಶಾಲೆಯಲ್ಲಿ ಕಲಿತ ಬಾಖ್‌ನನ್ನು ರಾಕ್‌ಗೆ ತಂದರು. ಡ್ರೀಮ್ ಥಿಯೇಟರಿನವರು ರಷ್ ಮತ್ತು ಯೆಸ್ ತಂಡಗಳ ಸಂಗೀತವನ್ನು ಹೃದ್ಗತ ಮಾಡಿಕೊಂಡು ಸಂಗೀತ ಶಾಲೆಗೆ ಹೋದರು. ಈ ವೇಳೆಗೆ ಎಲ್‌ಪಿಯ ಸ್ಥಾನಕ್ಕೆ ಸಿಡಿ ಬಂದಿತ್ತು. ಮಗುಚುವ ಅಗತ್ಯವಿಲ್ಲದೆ ಎಪ್ಪತ್ತು ನಿಮಿಷಗಳಿಗೂ ಹೆಚ್ಚು ಸಂಗೀತವನ್ನು ಹಿಡಿಯಬಲ್ಲ ಆ ಸಾಧನದಲ್ಲಿ 1999ರ 'ಸೀನ್ಸ್ ಫ್ರಂ ಎ ಮೆಮೊರಿ'ಯಂಥ ಉದ್ದನೆಯ ಕಥಾ ಆಲ್ಬಮುಗಳು ಸಾಧ್ಯವಾದವು. ಇದು ಲಾಭವಷ್ಟೇ ಆಗಲಿಲ್ಲ: ಇಪ್ಪತ್ತು ನಿಮಿಷಗಳ ಮಿತಿ ಹಳಬರ ರಚನೆಗೆ ತಂದುಕೊಟ್ಟಿದ್ದ ಬಿಗಿಯು ಸಿಡಿ ಯುಗದ ಅನೇಕ ಆಲ್ಬಮುಗಳಲ್ಲಿ ಸಡಿಲವಾಯಿತು.

ಲಯದ ವಿಚಾರದಲ್ಲಿ ಎರಡು ತಲೆಮಾರುಗಳ ಅಂತರವನ್ನು ತಾಳದ ಪರಿಭಾಷೆ ಬಲ್ಲವರು ಸುಲಭವಾಗಿ ಗ್ರಹಿಸಬಹುದು. ಸಾಮಾನ್ಯ ರಾಕ್ ಸಂಗೀತ ನಾಲ್ಕು ಎಣಿಕೆಯ ಆವರ್ತದಲ್ಲಿ ನಡೆಯುತ್ತದೆ. ಪಿಂಕ್ ಫ್ಲಾಯ್ಡ್ 1973ರ 'ಮನಿ' ಹಾಡನ್ನು ಏಳು ಎಣಿಕೆಯಲ್ಲಿ ನಿಲ್ಲಿಸಿತು. ಜೆನೆಸಿಸ್ 'ಸಪರ್ಸ್ ರೆಡಿ'ಯ ಕೊನೆಯ ಘಟ್ಟದಲ್ಲಿ ಒಂಬತ್ತರ ಎಣಿಕೆಯನ್ನು ಹಿಡಿದು, ಅದರ ಮೇಲೆ ಟೋನಿ ಬ್ಯಾಂಕ್ಸ್‌ರ ಆರ್ಗನ್ ತನ್ನದೇ ಎಣಿಕೆಯಲ್ಲಿ ಹರಿಯುವಂತೆ ಮಾಡಿತು. ಹಳಬರಲ್ಲಿ ಎಣಿಕೆಯ ಬದಲಾವಣೆ ಸಾಮಾನ್ಯವಾಗಿ ರಚನೆಯ ಒಂದು ಭಾಗದಿಂದ ಇನ್ನೊಂದಕ್ಕೆ ಸಾಗುವಾಗ ಆಗುತ್ತಿತ್ತು; ಬ್ಯಾಂಕ್ಸ್‌ರ ಪ್ರಸಂಗದಂಥವು ವಿರಳ. ಹೊಸ ತಲೆಮಾರಿನಲ್ಲಿ ಅದು ಏಕಕಾಲದ ಪದರಗಳ ರೂಪ ತಾಳಿತು. ಸ್ವೀಡನ್ನಿನ ಮೆಶುಗ್ಗ ತಂಡದಲ್ಲಿ ಡ್ರಮ್ಸ್ ವಾದಕನ ಒಂದು ಕೈ ನಾಲ್ಕರ ಎಣಿಕೆಯನ್ನು ತಪ್ಪದೆ ಹಿಡಿದಿರುವಾಗ, ಪಾದಗಳು ಮತ್ತು ಗಿಟಾರುಗಳು ಐದು, ಏಳು, ಹನ್ನೊಂದು ಇಲ್ಲವೆ ಇನ್ನೂ ಉದ್ದದ ಗುಚ್ಛಗಳನ್ನು ಅದರ ಮೇಲೆ ಸುತ್ತಿಸುತ್ತವೆ. ಗುಚ್ಛವು ಎಷ್ಟೋ ಆವರ್ತಗಳ ಬಳಿಕ ಎಣಿಕೆಯ ಮೊದಲಿಗೆ ಬಂದು ಕೂಡಿಕೊಳ್ಳುತ್ತದೆ. ಕೈಯಲ್ಲಿ ಆದಿತಾಳ ಹಾಕುತ್ತ ಏಳೇಳು ಅಕ್ಷರಗಳ ಸ್ವರಗುಚ್ಛಗಳನ್ನು ಪೋಣಿಸಿ ಕೋರ್ವೆಯನ್ನು ಸಮಕ್ಕೆ ತಂದು ಮುಗಿಸುವ ಗಾಯಕರನ್ನು ಕೇಳಿದವರಿಗೆ ಈ ಲೆಕ್ಕಾಚಾರ ಅಪರಿಚಿತವೆನಿಸದು. ಅಮೆರಿಕದ ಟೂಲ್ ತಂಡವು 2001ರ 'ಲ್ಯಾಟರಾಲಸ್' ಆಲ್ಬಮಿನ ಶೀರ್ಷಿಕೆ ಹಾಡಿನ ಸಾಹಿತ್ಯದ ಅಕ್ಷರಗಳನ್ನೇ ಫಿಬೊನಾಚಿ ಸಂಖ್ಯಾಶ್ರೇಣಿಗೆ ಹೊಂದಿಸಿತು. ಅದೇ ವರ್ಷ ಕಿಂಗ್ ಕ್ರಿಮ್ಸನ್ ಟೂಲ್‌ನ ಕಛೇರಿಗಳಿಗೆ ಮೊದಲು ನುಡಿಸುವ ತಂಡವಾಗಿ ಜೊತೆಗೆ ಸಂಚರಿಸಿತು.

ಸಾಹಿತ್ಯದಲ್ಲಿ ಆದ ಪಲ್ಲಟ ಇದಕ್ಕಿಂತ ಕಡಿಮೆಯದಲ್ಲ. ಪೀಟರ್ ಹ್ಯಾಮಿಲ್ ಮತ್ತು ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್‌ರಂಥವರನ್ನು ಬಿಟ್ಟರೆ, ಮೊದಲ ತಲೆಮಾರಿನ ಬಹುತೇಕ ತಂಡಗಳ ಹಾಡುಗಳಲ್ಲಿ ಪುರಾಣ, ಅನ್ಯಲೋಕ, ಆತ್ಮಸಾಕ್ಷಾತ್ಕಾರ ಮುಂತಾದ ವಿಶಾಲ ವಸ್ತುಗಳೇ ಹೆಚ್ಚು; ಜಗತ್ತು ಬದಲಾಗಲಿದೆ ಎಂಬ ಅರವತ್ತರ ದಶಕದ ಆಶಾವಾದ ಅವುಗಳ ತಳದಲ್ಲಿತ್ತು. ಬ್ರಿಟನ್ನಿನ ಪೋರ್ಕ್ಯುಪೈನ್ ಟ್ರೀ ತಂಡದ 2007ರ 'ಫಿಯರ್ ಆಫ್ ಎ ಬ್ಲಾಂಕ್ ಪ್ಲಾನೆಟ್' ಮಾತ್ರೆ ಮತ್ತು ಪರದೆಗಳ ನಡುವೆ ಮರಗಟ್ಟಿದ ಹದಿಹರೆಯದವರನ್ನು ಕುರಿತದ್ದು. ಆ ತಂಡದ ಸ್ಟೀವನ್ ವಿಲ್ಸನ್ 2015ರಲ್ಲಿ ಹೊರತಂದ 'ಹ್ಯಾಂಡ್. ಕೆನಾಟ್. ಇರೇಸ್.' ಎಂಬ ಆಲ್ಬಮಿಗೆ, ಲಂಡನ್ನಿನ ಮನೆಯೊಂದರಲ್ಲಿ ತೀರಿಕೊಂಡು ಎರಡು ವರ್ಷಗಳಿಗೂ ಮೇಲೆ ಯಾರ ಗಮನಕ್ಕೂ ಬಾರದೆ ಉಳಿದ ಮಹಿಳೆಯೊಬ್ಬರ ವಾಸ್ತವ ಘಟನೆ ಪ್ರೇರಣೆ. ದೇವತೆಗಳು ಮತ್ತು ದೈತ್ಯರಿದ್ದ ಜಾಗಕ್ಕೆ ಮಹಾನಗರದ ಒಂಟಿತನ ಬಂದಿದೆ. ಹಳಬರ ಸಾಹಿತ್ಯವನ್ನು ಬಾಲಿಶವೆಂದು ತಳ್ಳಿಹಾಕುವುದು ಅನ್ಯಾಯವಾದೀತು, ಆದರೂ ಹಾಡಿನ ಮಾತಿನ ಮಟ್ಟಿಗೆ ಹೊಸಬರು ಹೆಚ್ಚು ಪ್ರಾಮಾಣಿಕರು ಎಂಬುದನ್ನು ಒಪ್ಪಬೇಕಾಗುತ್ತದೆ.

ಸ್ಟೀವನ್ ವಿಲ್ಸನ್‌ರ ಬದುಕಿನ ಕೆಲಸವೇ ಹೊಸ ತಲೆಮಾರು ಹಳೆಯದರೊಂದಿಗೆ ಇಟ್ಟುಕೊಂಡಿರುವ ಸಂಬಂಧಕ್ಕೆ ಅತ್ಯುತ್ತಮ ನಿದರ್ಶನ. 1987ರಲ್ಲಿ ಪೋರ್ಕ್ಯುಪೈನ್ ಟ್ರೀ ಆರಂಭವಾದದ್ದು ಒಂದು ಕಲ್ಪಿತ ತಂಡವಾಗಿ. ಎಪ್ಪತ್ತರ ದಶಕದ ಮರೆತುಹೋದ ತಂಡವೊಂದರ ಸುಳ್ಳು ಚರಿತ್ರೆಯನ್ನೂ ಸದಸ್ಯರ ಹೆಸರುಗಳನ್ನೂ ಸೃಷ್ಟಿಸಿ, ಎಲ್ಲ ವಾದ್ಯಗಳನ್ನೂ ಬಹುಪಾಲು ತಾವೊಬ್ಬರೇ ಮನೆಯಲ್ಲಿ ನುಡಿಸಿ ಅವರು ಕ್ಯಾಸೆಟ್ಟುಗಳನ್ನು ಮಾಡಿದ್ದರು. ಮುಂದೆ ಅದು ನಿಜವಾದ ತಂಡವಾಯಿತು. 2001ರಲ್ಲಿ ಅವರು ಸ್ವೀಡನ್ನಿನ ಓಪೆತ್ ತಂಡದ 'ಬ್ಲ್ಯಾಕ್‌ವಾಟರ್ ಪಾರ್ಕ್' ಆಲ್ಬಮಿನ ನಿರ್ಮಾಣದಲ್ಲಿ ಪಾಲ್ಗೊಂಡರು. ಗುಡುಗುವ ಡೆತ್ ಮೆಟಲ್ ಕಂಠವನ್ನೂ ಎಪ್ಪತ್ತರ ದಶಕದ ಮೃದು ಗಾಯನವನ್ನೂ ಒಂದೇ ರಚನೆಯಲ್ಲಿ ಹೊಂದಿಸಿದ ಆ ಆಲ್ಬಂ ಹೊಸ ಹಂತದ ಮೈಲಿಗಲ್ಲು. 2009ರಿಂದ ವಿಲ್ಸನ್ ಕಿಂಗ್ ಕ್ರಿಮ್ಸನ್‌ನಿಂದ ಮೊದಲುಗೊಂಡು ಜೆತ್ರೊ ಟಲ್, ಯೆಸ್, ಜೆಂಟಲ್ ಜೈಂಟ್ ತಂಡಗಳ ಹಳೆಯ ಆಲ್ಬಮುಗಳನ್ನು ಮೂಲ ಟೇಪುಗಳಿಂದ ಮರುಮಿಶ್ರಣ ಮಾಡುತ್ತ ಬಂದಿದ್ದಾರೆ. ಪ್ರತಿಯೊಂದು ವಾದ್ಯವನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಮುದ್ರಿಸಿದ ಆ ಟೇಪುಗಳಿಂದ ವಾದ್ಯಗಳ ಪರಸ್ಪರ ಪ್ರಮಾಣವನ್ನು ಹೊಸದಾಗಿ ನಿರ್ಧರಿಸುವ ಈ ಕೆಲಸ, ಹಸ್ತಪ್ರತಿಗಳನ್ನು ಎದುರಿಟ್ಟುಕೊಂಡು ಕಾವ್ಯವನ್ನು ಸಂಪಾದಿಸುವ ವಿದ್ವಾಂಸರ ಶ್ರಮದ ಜಾತಿಯದು. ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮಿನ ಧ್ವನಿಮುದ್ರಣ ತಂತ್ರಜ್ಞರಾಗಿದ್ದ ಅಲನ್ ಪಾರ್ಸನ್ಸ್, 2013ರಲ್ಲಿ ಹೊರಬಂದ ವಿಲ್ಸನ್‌ರ 'ದ ರೇವನ್ ದಟ್ ರೆಫ್ಯೂಸ್ಡ್ ಟು ಸಿಂಗ್' ಆಲ್ಬಮನ್ನು ಮುದ್ರಿಸಿಕೊಟ್ಟಾಗ ಎರಡು ತಲೆಮಾರುಗಳು ಒಂದೇ ಸ್ಟುಡಿಯೊದಲ್ಲಿ ಕೂಡಿ ಕೆಲಸ ಮಾಡಿದವು. ಇಂಥ ಪಾಂಡಿತ್ಯಕ್ಕೆ ಒಂದು ಬೆಲೆಯೂ ಇದೆ. ಹಿಂದಿನವರ ಪ್ರತಿಯೊಂದು ನಾದವನ್ನೂ ಅರಿತವರಿಗೆ ಅವರ ನೆರಳಿನಿಂದ ಆಚೆಗೆ ಸರಿಯುವುದು ಕಷ್ಟವಾಗುತ್ತದೆ. ಮೆಲೊಟ್ರಾನಿನ ನಾದ ಇಂದು ಸಾಫ್ಟ್‌ವೇರಿನಲ್ಲಿ ಸಿಗುತ್ತದೆ, ಅಂದು ಭವಿಷ್ಯವನ್ನು ಸೂಚಿಸುತ್ತಿದ್ದ ಅದೇ ನಾದ ಈಗ ಗತಕಾಲವನ್ನು ಸೂಚಿಸುತ್ತದೆ.

ಧ್ವನಿಮುದ್ರಣದ ವಿಧಾನವೂ ಬದಲಾಗಿದೆ, ಆದರೆ ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಹಳಬರು ಒಟ್ಟಿಗೆ ಕೂತು ಒಂದೇ ಬಾರಿಗೆ ನುಡಿಸುತ್ತಿದ್ದರು, ಹೊಸಬರು ತುಂಡು ತುಂಡಾಗಿ ಜೋಡಿಸುತ್ತಾರೆ ಎಂಬ ಆಕ್ಷೇಪ ಪೂರ್ಣ ಸತ್ಯವಲ್ಲ: 'ಕ್ಲೋಸ್ ಟು ದ ಎಡ್ಜ್' ಕೂಡ ತುಣುಕು ತುಣುಕಾಗಿ ಮುದ್ರಣಗೊಂಡು, ಧ್ವನಿಮುದ್ರಣ ತಂತ್ರಜ್ಞ ಎಡ್ಡಿ ಆಫರ್ಡ್ ಟೇಪನ್ನು ಕತ್ತರಿಸಿ ಅಂಟಿಸಿ ಒಂದಾಗಿಸಿದ ಕೃತಿ. ನಿಜವಾದ ಬದಲಾವಣೆಯೆಂದರೆ ಸ್ಟುಡಿಯೊ ಮನೆಯೊಳಗೆ ಬಂದದ್ದು. 2000ದ ನಂತರದ ದಶಕದಲ್ಲಿ ಕಂಪ್ಯೂಟರ್ ತಂತ್ರಾಂಶಗಳು ಅಗ್ಗವಾದಂತೆ, ಅಮೆರಿಕದ ಪೆರಿಫೆರಿ ತಂಡವನ್ನು ಕಟ್ಟಿದ ಮಿಶಾ ಮನ್ಸೂರ್‌ರಂಥ ತರುಣರು ಗಿಟಾರನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸಿ, ಡ್ರಮ್ಸನ್ನು ತಂತ್ರಾಂಶದಲ್ಲೇ ರಚಿಸಿ, ಕಂಪನಿಯ ಹಂಗಿಲ್ಲದೆ ಅಂತರಜಾಲದಲ್ಲಿ ಹಂಚತೊಡಗಿದರು. ಮೆಶುಗ್ಗದಿಂದ ಪ್ರೇರಿತವಾದ ಈ ಶೈಲಿಗೆ, ತಗ್ಗಿದ ಶ್ರುತಿಯ ತಂತಿಗಳನ್ನು ಅಂಗೈಯಿಂದ ಅದುಮಿ ಮೀಟಿದಾಗ ಹೊರಡುವ ಸದ್ದನ್ನು ಅನುಕರಿಸಿ ಜೆಂಟ್ ಎಂಬ ಹೆಸರು ಬಂತು. ಮೆಶುಗ್ಗವೇ 2005ರಲ್ಲಿ ತಂದ, ಒಂದೇ ರಚನೆಯಂತೆ ಹರಿಯುವ ನಲವತ್ತೇಳು ನಿಮಿಷಗಳ 'ಕ್ಯಾಚ್ ಥರ್ಟಿತ್ರೀ' ಆಲ್ಬಮಿನ ಡ್ರಮ್ಸ್ ಕೂಡ ಕಂಪ್ಯೂಟರಿನಲ್ಲಿ ಜೋಡಿಸಿದ್ದು. ದೆಹಲಿಯ ಕೇಶವ್ ಧರ್ ತಮ್ಮ ಮನೆಯಲ್ಲೇ ಆರಂಭಿಸಿದ ಸ್ಕೈಹಾರ್ಬರ್, ಬ್ರಿಟನ್ನಿನ ಟೆಸೆರಾಕ್ಟ್ ತಂಡದ ಗಾಯಕ ಡೇನಿಯಲ್ ಟಾಂಪ್ಕಿನ್ಸ್‌ರನ್ನು ಸೇರಿಸಿಕೊಂಡು 2012ರಲ್ಲಿ ತನ್ನ ಮೊದಲ ಆಲ್ಬಮನ್ನು ಬ್ರಿಟಿಷ್ ಸಂಸ್ಥೆಯೊಂದರ ಮೂಲಕ ಪ್ರಕಟಿಸಿದ್ದು ಇದೇ ದಾರಿಯಲ್ಲಿ. 1971ರಲ್ಲಿ ಭಾರತದ ತರುಣನೊಬ್ಬನಿಗೆ ಇದು ಊಹೆಗೂ ನಿಲುಕದ ಮಾತು.

ಹಣದ ಮೂಲ ಬದಲಾದ ಕಥೆಯಲ್ಲಿ ಮರಿಲಿಯನ್ ಮತ್ತೊಮ್ಮೆ ಕಾಣಿಸಿಕೊಳ್ಳುತ್ತದೆ. 1997ರಲ್ಲಿ ಅಮೆರಿಕ ಪ್ರವಾಸಕ್ಕೆ ಹಣವಿಲ್ಲವೆಂದು ತಂಡ ತಿಳಿಸಿದಾಗ ಅಲ್ಲಿನ ಅಭಿಮಾನಿಗಳೇ ಅಂತರಜಾಲದ ಮೂಲಕ ಸುಮಾರು 60,000 ಡಾಲರ್ ಕೂಡಿಸಿದರು. 2001ರ ಆಲ್ಬಮನ್ನು ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ, ಅದು ತಯಾರಾಗುವ ಮೊದಲೇ, ಮುಂಗಡ ಹಣ ಕೊಟ್ಟು ಕೊಂಡರು. ನಾದದಲ್ಲಿ ಹಳಬರನ್ನು ಅನುಸರಿಸಿದ್ದ ತಂಡವೇ ಹಣಕಾಸಿನಲ್ಲಿ ಹೊಸ ತಲೆಮಾರಿಗೆ ದಾರಿ ಹಾಕಿಕೊಟ್ಟಿತು. ಅಂತರಜಾಲದಲ್ಲಿ ಸಂಗೀತ ಕೇಳಿಸುವ ಸ್ಟ್ರೀಮಿಂಗ್ ಸೇವೆಗಳು ಬಂದ ಮೇಲಾದರೋ ದೀರ್ಘ ರಚನೆಗೆ ಹೊಸ ತೊಡಕು ಎದುರಾಗಿದೆ: ಮೂವತ್ತು ಸೆಕೆಂಡು ಕೇಳಿದರೆ ಒಂದು ಹಾಡು ಕೇಳಿದಂತೆ ಲೆಕ್ಕವಾಗುವ ಈ ಪದ್ಧತಿಯಲ್ಲಿ ಎರಡು ನಿಮಿಷದ ಹಾಡಿಗೂ ಇಪ್ಪತ್ತು ನಿಮಿಷದ ರಚನೆಗೂ ಒಂದೇ ಲೆಕ್ಕ. ಟೂಲ್ ತಂಡ 2019ರವರೆಗೂ ಈ ಸೇವೆಗಳಿಂದ ದೂರವಿತ್ತು. ಆ ವರ್ಷ ಬಂದ ಅದರ 'ಫಿಯರ್ ಇನಾಕ್ಯುಲಮ್', ಬಹುಪಾಲು ಹಾಡುಗಳು ಹತ್ತು ನಿಮಿಷ ಮೀರಿದ್ದರೂ, ಅಮೆರಿಕದ ಆಲ್ಬಂ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಕೇಳುಗರ ತಾಳ್ಮೆ ಕುಗ್ಗಿದೆ ಎಂಬ ಸಾರ್ವತ್ರಿಕ ದೂರನ್ನು ಅದು ಸ್ವಲ್ಪಮಟ್ಟಿಗಾದರೂ ಸುಳ್ಳಾಗಿಸಿತು.

ಬೆಂಗಳೂರಿಗೆ ಈ ಸಂಗೀತದ ಪರಿಚಯ ಹಳೆಯದು. ರೋಜರ್ ವಾಟರ್ಸ್ 2002ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ಹಾಡಿದಾಗ ಅವರ ಹಾಡುಗಳನ್ನು ಕ್ಯಾಸೆಟ್ಟುಗಳಲ್ಲಿ ಕೇಳಿ ಬೆಳೆದ ಪೀಳಿಗೆಯೊಂದು ಇಲ್ಲಿ ಸಿದ್ಧವಾಗಿತ್ತು. ಅದರ ಮರುವರ್ಷ ಇದೇ ನಗರದಲ್ಲಿ ಕೂಡಿಕೊಂಡ ಅಗಮ್ ತಂಡವು ತನ್ನ ಸಂಗೀತವನ್ನು ಕರ್ನಾಟಿಕ್ ಪ್ರೊಗ್ರೆಸಿವ್ ರಾಕ್ ಎಂದು ಕರೆದುಕೊಳ್ಳುತ್ತದೆ. ಗಾಯಕ ಹರೀಶ್ ಶಿವರಾಮಕೃಷ್ಣನ್ ಮತ್ತು ತಂಡದ ಹಲವರು ದೀರ್ಘಕಾಲ ಸಾಫ್ಟ್‌ವೇರ್ ಮೊದಲಾದ ಉದ್ಯಮಗಳಲ್ಲಿ ದುಡಿಯುತ್ತಲೇ ಸಂಗೀತವನ್ನು ನಡೆಸಿಕೊಂಡು ಬಂದರು. ಕರಿಸ್ಮಾದಂಥ ಕಂಪನಿ ಜೆನೆಸಿಸ್‌ಗೆ ಒದಗಿಸಿದ್ದ ಆಸರೆಯನ್ನು ಇಲ್ಲಿ ತಿಂಗಳ ಸಂಬಳ ಒದಗಿಸಿತು. 2012ರಲ್ಲಿ ಬಂದ ಅವರ ಮೊದಲ ಆಲ್ಬಂ 'ದ ಇನ್ನರ್ ಸೆಲ್ಫ್ ಅವೇಕನ್ಸ್'ನಲ್ಲಿ ತ್ಯಾಗರಾಜರ ಹಂಸನಾದ ರಾಗದ ಕೃತಿಯನ್ನು ಆಧರಿಸಿದ ರಚನೆಯಿದೆ. ಅಲ್ಲಿ ಕೃತಿಯ ಸಾಹಿತ್ಯವೂ ರಾಗವೂ ಉಳಿದು, ಅದರ ಸುತ್ತ ಗಿಟಾರು ಮತ್ತು ಡ್ರಮ್ಸುಗಳ ಹೊಸ ಕಟ್ಟಡ ಏಳುತ್ತದೆ. ಕೃತಿಗೆ ಡ್ರಮ್ಸಿನ ಅಬ್ಬರ ಸಲ್ಲದೆಂದು ಸಂಪ್ರದಾಯನಿಷ್ಠ ರಸಿಕರು ಆಕ್ಷೇಪಿಸಬಹುದು, ಅದರಲ್ಲಿ ಹುರುಳಿಲ್ಲವೆಂದೂ ಹೇಳಲಾಗದು. ಆದರೆ ಎಪ್ಪತ್ತರ ದಶಕದ ಇಂಗ್ಲಿಷ್ ತಂಡಗಳ ನಾದವನ್ನು ಯಥಾವತ್ತಾಗಿ ಪುನಃಸೃಷ್ಟಿಸುವ ಯುರೋಪಿನ ಅನೇಕ ತಂಡಗಳಿಗಿಂತ ಅಗಮ್ ಮೊದಲ ತಲೆಮಾರಿಗೆ ಹೆಚ್ಚು ಸಮೀಪದ ಬಂಧು: ಜೆನೆಸಿಸ್‌ನ ಹುಡುಗರು ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಕಲಿತದ್ದನ್ನು ರಾಕ್‌ಗೆ ತಂದಂತೆಯೇ, ಇವರೂ ಬಾಲ್ಯದ ಸಂಗೀತ ಪಾಠದಲ್ಲಿ ಕಲಿತದ್ದನ್ನು ತಂದಿದ್ದಾರೆ.